ಅಪ್ಪನ ಸಿಮ್ಮಿನಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಲ್ಯಾಪ್‌ಟಾಪ್

ಮೊನ್ನೆ ಭಾನುವಾರ ಸಂಜೆ ನಮ್ಮ ಮನೆಯ ಲ್ಯಾಪ್‌ಟಾಪ್ ಮತ್ತೆ ತೆರೆಯಿತು. ಅದಕ್ಕೆ 9 ದಿನ ಹಿಡಿಯಿತು. ಮೂರು ಅಂಗಡಿ, ಒಂದು ದಿನದ ರಜೆ, ಕುಕನೂರಿನ ಕಡೆಯಿಂದ ಅಪ್ಪನನ್ನು ಕರೆತಂದು ಮತ್ತೆ ಕಳಿಸಿದ್ದು, ಎರಡು ರಾತ್ರಿ ನಿದ್ದೆ ಇಲ್ಲದ್ದು, ಎಲ್ಲಾ ಸೇರಿ. ಇನ್ನೂ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಂಥದ್ದೇ ಪರದೆಯ ಮುಂದೆ ಇವತ್ತು ಯಾರಾದರೂ ಕೂತಿದ್ದರೆ ಅವರಿಗೆ ನನ್ನಷ್ಟು ಅಲೆದಾಟ ಬೇಡ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಮನೆ ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ. ಲ್ಯಾಪ್‌ಟಾಪ್ ತಗೊಂಡಿದ್ದು 2022ರ ಬೇಸಿಗೆ ರಜೆಯಲ್ಲಿ. ಅದರಲ್ಲಿ ಪ್ರಶ್ನೆಪತ್ರಿಕೆಗಳಿದ್ದವು, ಮಗನ ಮಾರ್ಕ್ಸ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರದ ಸ್ಕ್ಯಾನ್ ಇದ್ದವು. ಇವೆಲ್ಲ ಹೋದರೂ ಮತ್ತೆ ಮಾಡಿಕೊಳ್ಳಬಹುದಿತ್ತು. ಆದರೆ ನಮ್ಮ ಅವ್ವನ ಹಾಡುಗಳೂ ಅದರಲ್ಲೇ ಇದ್ದವು. ಬೀಸುವಾಗಿನ ಪದ, ಸೋಬಾನೆ, ಹಬ್ಬದ ಪದ. ನಾನು ಫೋನಿನಲ್ಲಿ ಹಿಡಿದು ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದೆ. ಒಟ್ಟು 43 ಫೈಲು. ಅವ್ವ 2023ರಲ್ಲಿ ತೀರಿಕೊಂಡಳು. ಆ ಫೋನೂ ಈಗಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಶುರುವಾಗಿದ್ದು ಚಾರ್ಜಿಂಗ್ ಪಿನ್ನಿನಿಂದ. ಫೆಬ್ರುವರಿ ಕೊನೆಗೆ ಕರೆಂಟ್ ಹೋಗಿ ಬಂದು ಮಾಡಿದ ಒಂದು ದಿನ ಲ್ಯಾಪ್‌ಟಾಪ್ ಚಾರ್ಜ್ ಆಗುವುದು ನಿಂತಿತು. ರಿಪೇರಿಗೆ ಕೊಟ್ಟೆ. 2,800 ರೂಪಾಯಿ ಆಯಿತು. ಶನಿವಾರ ಸಂಜೆ ಮನೆಗೆ ತಂದು ಆನ್ ಮಾಡಿದರೆ ದಿನಾ ಬರುತ್ತಿದ್ದ ಪಿನ್ ಕೇಳುವ ಪರದೆ ಬರಲಿಲ್ಲ. ನೀಲಿ ಪರದೆ ಬಂತು. ಈ ಡ್ರೈವಿನ ರಿಕವರಿ ಕೀ ಹಾಕಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಅಕ್ಷರ-ಅಂಕಿ ಕಲಸಿದ ಉದ್ದನೆಯ ಒಂದು ಐಡಿ. ನಮ್ಮ ನಾಲ್ಕಂಕಿಯ ಪಿನ್ ಹಾಕಿದೆ, ತಗೊಳ್ಳಲಿಲ್ಲ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ನೀಲಿ.

ಅಂಗಡಿಗೆ ಫೋನ್ ಮಾಡಿದೆ. "ಬಯೋಸ್ ಅಪ್‌ಡೇಟ್ ಮಾಡೀವ್ರಿ, ಅದಕ್ಕ ಹಂಗ ಕೇಳಾಕತ್ತೈತಿ. ಪಾಸ್‌ವರ್ಡ್ ಗೊತ್ತಿಲ್ಲಂದ್ರ ಫಾರ್ಮ್ಯಾಟ್ ಹೊಡಿಬೇಕಾಕ್ಕೈತಿ, 700 ರೂಪಾಯಿ ಕೊಡ್ರಿ" ಅಂದರು. ಬಯೋಸ್ ಅಂದರೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ ಒಳಗಿನ ತಂತ್ರಾಂಶ. ಫಾರ್ಮ್ಯಾಟ್ ಅಂದರೆ ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತದೆ ಎಂಬುದಷ್ಟು ನನಗೆ ಗೊತ್ತಿತ್ತು. ಬೇಡ ಅಂದೆ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಇಡೀ ದಿನ ನೆನಪಿನ ಜೊತೆ ಗುದ್ದಾಡಿದೆ. ಈ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಅಂತ ಒಂದು ಇತ್ತಾ? ನಾವು ನಾಲ್ವರೂ ಪಿನ್ ಮಾತ್ರ ಹಾಕುತ್ತಿದ್ದೆವು. ಲ್ಯಾಪ್‌ಟಾಪನ್ನು ಮೊದಲ ದಿನ ಸಿದ್ಧ ಮಾಡಿಕೊಟ್ಟವನು ನಮ್ಮ ಅಣ್ಣನ ಮಗ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಹಚ್ಚಿದೆ.

"ಅತ್ತಿ, ಆವತ್ತ ಹೊಸದೊಂದು ಔಟ್‌ಲುಕ್ ಐಡಿ ಮಾಡಿದ್ದೆ. ಪಾಸ್‌ವರ್ಡ್ ಏನಿಟ್ಟಿದ್ದೆನೋ ದೇವರಾಣೆ ನೆನಪಿಲ್ಲ. ಐಡಿ ಮಾತ್ರ ಬಿಲ್ಲಿನ ಹಿಂದ ಬರದಿದ್ದೆ ನೋಡು."

ಬಿಲ್ಲು ತಿಜೋರಿಯಲ್ಲಿ ಮನೆಪತ್ರಗಳ ಜೊತೆ ಸಿಕ್ಕಿತು. ಹಿಂದೆ ಪೆನ್ಸಿಲ್ಲಿನಲ್ಲಿ ಇ-ಮೇಲ್ ವಿಳಾಸ ಇತ್ತು. ಇದೊಂದು ಇರದಿದ್ದರೆ ನಾನು ಮುಂದಿನ ಹೆಜ್ಜೆಯನ್ನೇ ಇಡಲು ಆಗುತ್ತಿರಲಿಲ್ಲ. ಸಾಮಾನಿನ ಬಿಲ್ಲು ವಾರಂಟಿ ಮುಗಿದ ಮೇಲೂ ಎಸೆಯಬೇಡಿ.

ಐಡಿ ಸಿಕ್ಕಿತಲ್ಲ ಎಂಬ ಹುರುಪಿನಲ್ಲಿ ನಾನೊಂದು ತಪ್ಪು ಮಾಡಿದೆ. ಔಟ್‌ಲುಕ್ ಮೈಕ್ರೋಸಾಫ್ಟ್ ಕಂಪನಿಯದು. ಫೋನಿನಲ್ಲಿ ಅದರ ಪುಟ ತೆರೆದು ಊಹೆಯ ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಹಾಕಿದೆ. ಮಗನ ಹೆಸರು, ಹುಟ್ಟಿದ ವರ್ಷ, ಗವಿಸಿದ್ಧನ ಹೆಸರು, ಊರಿನ ಹೆಸರು. ಹತ್ತು ಹನ್ನೆರಡು ಸಲ ಆದ ಮೇಲೆ ಖಾತೆಯನ್ನು ಸ್ವಲ್ಪ ಹೊತ್ತು ತಡೆಹಿಡಿದಿದ್ದೇವೆ ಎಂದು ಬಂತು. ದಯವಿಟ್ಟು ಊಹೆ ಮಾಡುತ್ತಾ ಹೋಗಬೇಡಿ. ಎರಡು ಮೂರು ಸಲ ನೋಡಿ, ಆಗದಿದ್ದರೆ "ಪಾಸ್‌ವರ್ಡ್ ಮರೆತಿದ್ದೇನೆ" ಅನ್ನುವುದನ್ನು ಒತ್ತಿ.

ಸೋಮವಾರ ಶಾಲೆ ಬಿಟ್ಟ ಮೇಲೆ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಜವಾಹರ ರಸ್ತೆಗೆ ಹೋದೆ. ಮೊದಲ ಅಂಗಡಿಯವರು ನೋಡಿದ ಕೂಡಲೇ ಫಾರ್ಮ್ಯಾಟ್ ಅಂದರು. ಎರಡನೆಯ ಅಂಗಡಿಯಲ್ಲಿ ಸಣ್ಣ ವಯಸ್ಸಿನ ಹುಡುಗನೊಬ್ಬ ಇದ್ದ. ಅವನು ಪರದೆ ನೋಡಿ, ಕುರ್ಚಿ ಕೊಟ್ಟು, ಹತ್ತು ನಿಮಿಷ ತಿಳಿಸಿ ಹೇಳಿದ.

"ಮೇಡಂ, ಫಾರ್ಮ್ಯಾಟ್ ಮಾಡಿಸಬ್ಯಾಡ್ರಿ. ಇದು ಬಿಟ್‌ಲಾಕರ್. ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ್ಯಾಗ ಇರತೈತಿ. ಅದು ಸಿಕ್ರ ಒಂದ್ ಫೈಲೂ ಹೋಗಂಗಿಲ್ಲ."

ಅವನು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ವಿಂಡೋಸ್ 11 ಶುರು ಮಾಡಿದರೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಒಳಗಿರುವುದೆಲ್ಲ ಗೂಢಲಿಪಿಯಾಗುತ್ತದೆ. ಕಳ್ಳರು ಲ್ಯಾಪ್‌ಟಾಪ್ ಒಯ್ದು ಡಿಸ್ಕ್ ಬಿಚ್ಚಿದರೂ ಏನೂ ಓದಲಾಗದಿರಲಿ ಅಂತ ಈ ವ್ಯವಸ್ಥೆ. ದಿನಾ ಆ ಬೀಗ ತೆಗೆಯುವುದು ಟಿಪಿಎಂ ಅನ್ನುವ ಚಿಪ್ಪು. ನಮಗೆ ಗೊತ್ತೇ ಆಗುವುದಿಲ್ಲ. ಬಯೋಸ್ ಬದಲಾದರೆ ಅಥವಾ ಚಿಪ್ಪಿನ ನೆನಪು ಅಳಿಸಿದರೆ ಅದಕ್ಕೆ ಅನುಮಾನ ಬರುತ್ತದೆ. ಆಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಪಿನ್ನೂ ಅಷ್ಟೇ, ಆ ಒಂದು ಯಂತ್ರದ ಚಿಪ್ಪಿನೊಳಗೆ ಮಾತ್ರ ಇರುವಂಥದ್ದು. ಚಿಪ್ಪು ಮರೆತರೆ ಪಿನ್ನೂ ಹೋಯಿತು. ಖಾತೆಯ ಪಾಸ್‌ವರ್ಡ್ ಬೇರೆ, ಪಿನ್ ಬೇರೆ. ಇಷ್ಟು ವರ್ಷ ನಾನು ಎರಡೂ ಒಂದೇ ಅಂದುಕೊಂಡಿದ್ದೆ.

"ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ?" ಎಂದು ಕೇಳಿದೆ. ಬೀಗ ಬೀಳದ ಹಳೆಯ ಕಂಪ್ಯೂಟರ್ ಆದರೆ ಪೆನ್‌ಡ್ರೈವಿನಲ್ಲಿ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಇನ್ನೊಂದು ವ್ಯವಸ್ಥೆ) ಹಾಕಿ ಫೈಲು ತೆಗೆಯಬಹುದಂತೆ. ಬೀಗ ಬಿದ್ದಿದ್ದರೆ ಕೀ ಇಲ್ಲದೆ ಯಾರಿಂದಲೂ ಆಗದು. ಹಣ ತಗೊಂಡು ತೆಗೆದುಕೊಡುತ್ತೇವೆ ಅನ್ನುವವರನ್ನು ನಂಬಬೇಡಿ ಅಂದ. ದುಡ್ಡು ಕೊಡಹೋದರೆ ತಗೊಳ್ಳಲಿಲ್ಲ. ಆ ಹುಡುಗನ ಋಣ ನನ್ನ ಮೇಲಿದೆ.

ಮಂಗಳವಾರ ಸಂಜೆ ಖಾತೆಯ ತಡೆ ಹೋಗಿತ್ತು. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಒತ್ತಿದೆ. ಕೋಡನ್ನು ಈ ಫೋನಿಗೆ ಕಳಿಸುತ್ತೇವೆ ಎಂದು ಒಂದು ನಂಬರ್ ತೋರಿಸಿತು. ಎಲ್ಲ ಚುಕ್ಕೆ, ಕೊನೆಗೆ ಮಾತ್ರ 62. ಅದು ನಿಮ್ಮದೇ ಎಂದು ಖಾತ್ರಿ ಮಾಡಲು ಕೊನೆಯ ನಾಲ್ಕು ಅಂಕಿ ಹಾಕಿ ಅಂತ ಕೇಳಿತು. ನನ್ನ ನಂಬರ್ 62ಕ್ಕೆ ಮುಗಿಯುವುದಿಲ್ಲ. ನಮ್ಮ ಮನೆಯವರದೂ ಅಲ್ಲ. ಅಣ್ಣನ ಮಗನದೂ ಅಲ್ಲ. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಹೋದೆ. "ಅಪ್ಪ ಹಳೇದು" ಎಂಬಲ್ಲಿ ಸಿಕ್ಕಿತು.

ಆಗ ನೆನಪಾಯಿತು. ಲ್ಯಾಪ್‌ಟಾಪನ್ನು ತವರುಮನೆಯಲ್ಲೇ ಶುರು ಮಾಡಿದ್ದೆವು. ಅಲ್ಲಿ ನನ್ನ ಫೋನಿಗೆ ಸಿಗ್ನಲ್ ಬರುತ್ತಿರಲಿಲ್ಲ. ಕಿಟಕಿಯಲ್ಲಿ ಇಟ್ಟಿದ್ದ ಅಪ್ಪನ ಬಟನ್ ಫೋನಿಗೆ ಬರುತ್ತಿತ್ತು. ಸುಮ್ನೆ ಅದನ್ನೇ ಹಾಕಿದ್ದೆವು. ಎರಡು ನಿಮಿಷದ ಅನುಕೂಲ ಅಷ್ಟೇ.

ಅಪ್ಪನಿಗೆ ಹೊಸ ನಂಬರಿಗೆ ಫೋನ್ ಮಾಡಿದೆ. "ಆ ಸಿಮ್ ಎಲ್ಲೈತಿ ಅಪ್ಪಾ?"

"ಅದು ಜಾತ್ರ್ಯಾಗ ಹೋತಲ್ಲ ಯವ್ವಾ, ಫೋನ್ ಸಮೇತ."

ಹೌದು, ಗವಿಮಠದ ಜಾತ್ರೆಗೆ ಬಂದಾಗ ತೇರಿನ ಗದ್ದಲದಲ್ಲಿ ಜೇಬಿನಿಂದ ಎಲ್ಲೋ ಬಿದ್ದಿತ್ತು. ಎರಡು ತಿಂಗಳಾಗುತ್ತಾ ಬಂದಿತ್ತು. ಅಣ್ಣ ಬೇರೆ ಫೋನು, ಬೇರೆ ಸಿಮ್ ಕೊಡಿಸಿದ್ದ. ಹಳೆಯದನ್ನು ಅಲ್ಲಿಗೇ ಬಿಟ್ಟಿದ್ದರು. ನಾನು ಫೋನ್ ಇಟ್ಟು ಅಡುಗೆಮನೆಯಲ್ಲಿ ಸುಮಾರು ಹೊತ್ತು ನಿಂತೆ. ಅವ್ವನ ಹಾಡು ಇರುವ ಪೆಟ್ಟಿಗೆಯ ಕೀಲಿ ಜಾತ್ರೆ ಮೈದಾನದ ಮಣ್ಣಿನಲ್ಲಿ ಬಿದ್ದ ಹಾಗೆ ಅನ್ನಿಸಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಾಸ್‌ವರ್ಡ್ ತಲೆಯಿಂದ ಹೋದರೆ ದೊಡ್ಡ ವಿಷಯವಲ್ಲ. ಅದನ್ನು ಮತ್ತೆ ಕೊಡಿಸುವ ಫೋನ್ ನಂಬರ್ ಕೈಯಲ್ಲಿಲ್ಲ ಅಂದರೆ ದೊಡ್ಡ ವಿಷಯ. ನಿಮ್ಮ ಮನೆಯ ಕಂಪ್ಯೂಟರ್ ಖಾತೆಗೆ ಯಾರ ನಂಬರ್ ಇದೆ, ಆ ಸಿಮ್ ಯಾರ ಹೆಸರಿನಲ್ಲಿದೆ, ಅದು ಇನ್ನೂ ಜೀವಂತ ಇದೆಯಾ, ಇವತ್ತೇ ನೋಡಿ. ಬಂದ್ ಆದ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ. ಅದಾದ ಮೇಲೆ ಆ ನಂಬರ್ ಗುರುತು ಪರಿಚಯ ಇಲ್ಲದವರ ಕೈಗೆ ಹೋಗಬಹುದು. ನಮ್ಮ ಪುಣ್ಯಕ್ಕೆ ಅಣ್ಣ ಆ ನಂಬರಿಗೆ ವರ್ಷದ ರೀಚಾರ್ಜ್ ಹಾಕಿಸಿದ್ದ. ನಂಬರ್ ಬಂದ್ ಆಗಿರಲಿಲ್ಲ.

ಸಿಮ್ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಅದೇ ರಾತ್ರಿ ಇನ್ನೊಂದು ದಾರಿಯನ್ನೂ ಹಿಡಿದೆ. "ಇವು ಯಾವುವೂ ನನ್ನ ಬಳಿ ಇಲ್ಲ" ಎಂದು ಒತ್ತಿದರೆ ಒಂದು ರಿಕವರಿ ಫಾರಂ ಬರುತ್ತದೆ. ಉತ್ತರ ಕಳಿಸಲು ಬೇರೆ ಒಂದು ಇ-ಮೇಲ್ ಕೊಡಬೇಕು. ಹೆಸರು, ಹುಟ್ಟಿದ ದಿನ, ಮೊದಲು ಇಟ್ಟಿದ್ದ ಪಾಸ್‌ವರ್ಡ್‌ಗಳು, ಯಾರಿಗೆ ಮೇಲ್ ಕಳಿಸಿದ್ದಿರಿ, ಅದರ ವಿಷಯ ಏನಿತ್ತು, ಇವನ್ನೆಲ್ಲ ಕೇಳುತ್ತದೆ. ನಾವು ಆ ಐಡಿಯಿಂದ ಒಂದು ಮೇಲ್ ಕೂಡ ಕಳಿಸಿರಲಿಲ್ಲ. ಹುಟ್ಟಿದ ದಿನ ಅಣ್ಣನ ಮಗ ನನ್ನದು ಹಾಕಿದ್ದನೋ ತನ್ನದೋ, ಅದೂ ಖಾತ್ರಿ ಇಲ್ಲ. ತುಂಬಿ ಕಳಿಸಿದೆ. 24 ಗಂಟೆಯೊಳಗೆ ಉತ್ತರ ಬರುತ್ತದೆ ಎಂದಿತ್ತು, ಬುಧವಾರ ರಾತ್ರಿ ಬಂತು. ಕೊಟ್ಟ ಮಾಹಿತಿ ಸಾಲದು, ನಿಮ್ಮ ಖಾತೆ ಎಂದು ಖಾತ್ರಿಯಾಗಲಿಲ್ಲ ಎಂದು. ದಿನಕ್ಕೆ ಎರಡು ಸಲ ಈ ಫಾರಂ ಕಳಿಸಬಹುದು. ಆ ಖಾತೆಯಿಂದ ಮೇಲ್ ಕಳಿಸಿ ಬಳಸಿದವರಿಗೆ ಇದು ಒಳ್ಳೆಯ ದಾರಿ. ಎರಡು ಹಂತದ ಪರಿಶೀಲನೆ ಹಾಕಿಕೊಂಡಿದ್ದರೆ ಮಾತ್ರ ಈ ಫಾರಂ ಕೆಲಸ ಮಾಡುವುದಿಲ್ಲ.

ಬುಧವಾರ ಮಧ್ಯಾಹ್ನ ಇನ್ನೊಂದು ನಡೆಯಿತು. ಕಸ್ಟಮರ್ ಕೇರ್ ನಂಬರ್ ಎಂದು ಹುಡುಕಿದಾಗ ಸಿಕ್ಕ ಒಂದು ಮೊಬೈಲ್ ನಂಬರಿಗೆ ಫೋನ್ ಮಾಡಿಬಿಟ್ಟೆ. ಆ ಕಡೆಯವರು ಬಹಳ ನಯವಾಗಿ ಮಾತಾಡಿದರು. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ, ನೋಂದಣಿಗೆ 10 ರೂಪಾಯಿ ಕಳಿಸಿ ಅಂದರು. ಪಕ್ಕದಲ್ಲಿದ್ದ ಸಹೋದ್ಯೋಗಿ ಫೋನ್ ಕಸಿದುಕೊಂಡು ಕಟ್ ಮಾಡಿದರು. ಅವರ ತಮ್ಮ ಹೀಗೆಯೇ ಹಣ ಕಳೆದುಕೊಂಡಿದ್ದನಂತೆ. ಪಾಸ್‌ವರ್ಡ್ ಮರೆತವರು ಗಾಬರಿಯಲ್ಲಿರುತ್ತಾರೆ, ಅಂಥವರನ್ನೇ ಕಾಯುವ ಜನ ಇದ್ದಾರೆ. ಅಕಸ್ಮಾತ್ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಸಿಮ್ ಅಪ್ಪನ ಹೆಸರಿನಲ್ಲಿತ್ತು. ಹಾಗಾಗಿ ಅಪ್ಪನೇ ಬರಬೇಕು. ನಾನು ಮಗಳು ಎಂದು ಏನು ದಾಖಲೆ ಕೊಟ್ಟರೂ ಆಗದು. ಕುಕನೂರಿನಲ್ಲೇ ಆಗುತ್ತದಾ ಎಂದು ಅಣ್ಣ ಗುರುವಾರ ವಿಚಾರಿಸಿದ. ಅಲ್ಲಿ ಅಪ್ಪನ ಹೆಬ್ಬೆಟ್ಟು ಯಂತ್ರಕ್ಕೆ ತಾಗಲಿಲ್ಲವಂತೆ. ಕೊಪ್ಪಳದ ದೊಡ್ಡ ಮಳಿಗೆಗೆ ಹೋಗಿ ಎಂದು ಕಳಿಸಿದರು. ಶುಕ್ರವಾರ ಒಂದು ಸಿಎಲ್ ಹಾಕಿದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದೆ. ಶಕ್ತಿ ಯೋಜನೆ ಇರುವುದರಿಂದ ನನಗೆ ಬಸ್ಸಿನ ಖರ್ಚಿಲ್ಲ, ಅಪ್ಪನಿಗೆ ಮಾತ್ರ ಟಿಕೆಟ್.

ಮಳಿಗೆಯಲ್ಲಿ ಟೋಕನ್ ತಗೊಂಡು ಕೂತಾಗ ಹನ್ನೊಂದೂವರೆ. ನಮ್ಮ ಸರದಿ ಬಂದಾಗ ಒಂದು ಗಂಟೆ. ಆಧಾರ್ ಮೂಲಪ್ರತಿ ಕೊಟ್ಟೆವು. ಹುಡುಗ ಯಂತ್ರ ಮುಂದಿಟ್ಟ.

"ಅಜ್ಜಾರ, ಇನ್ನೊಮ್ಮಿ ಒತ್ರಿ. ಗಟ್ಟಿಯಾಗಿ."

ಬಲಗೈ ಐದು ಬೆರಳೂ ಆಯಿತು. ಎಡಗೈ ಆಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ತಲೆಗೂದಲಿಗೆ ಉಜ್ಜಿ, ಮತ್ತೆ ಒತ್ತಿದರು. ಪ್ರತಿ ಸಲ ಕೆಂಪು ದೀಪ. ಅಪ್ಪ ಕೈ ತಿರುಗಿಸಿ ನೋಡಿಕೊಂಡರು. "ಕುಂಟಿ ಹಿಡದು, ಹಗ್ಗ ಜಗ್ಗಿ, ಗೆರಿ ಎಲ್ಲಾ ಸವದಾವ ಯವ್ವಾ" ಅಂದರು. ಅವರ ಧ್ವನಿಯಲ್ಲಿ ತಪ್ಪು ಮಾಡಿದವರ ಅಂಜಿಕೆ ಇತ್ತು. ಐವತ್ತು ವರ್ಷ ಹೊಲದಲ್ಲಿ ದುಡಿದ ಕೈ ಅದು. ಆ ಕೈಯನ್ನು ಯಂತ್ರ ಗುರುತಿಸಲಿಲ್ಲ ಎಂದು ಅಪ್ಪ ತಲೆ ತಗ್ಗಿಸಿ ನಿಂತದ್ದು ನನಗೆ ಬಹಳ ನೋವಾಯಿತು.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ತಿಳಿದಿರಿ. ಬೆರಳಚ್ಚು ಬಾರದಿದ್ದರೆ ಇನ್ನೊಂದು ದಾರಿ ಇದೆ. ಆಧಾರ್ ಕಾರ್ಡಿನ ಫೋಟೋ ಮತ್ತು ಮನುಷ್ಯನ ಫೋಟೋ ಅಲ್ಲೇ ಆ್ಯಪಿನಲ್ಲಿ ಹಿಡಿದು ಮಾಡುವುದು. ಅವರಾಗಿಯೇ ಹೇಳದಿದ್ದರೆ ನೀವೇ ಕೇಳಿ. ನಾನು ಕೇಳಿದ ಮೇಲೆ ಹುಡುಗ ಒಳಗೆ ಹೋಗಿ ವಿಚಾರಿಸಿ ಬಂದ. ಅಷ್ಟರಲ್ಲಿ ಸರ್ವರ್ ನಿಂತಿತು. ಊಟ ಮಾಡಿ ಬನ್ನಿ ಅಂದರು. ಹೊರಗೆ ಬಿಸಿಲು ಕಾಯುತ್ತಿತ್ತು. ಅಪ್ಪನಿಗೆ ರೊಟ್ಟಿ ಊಟ ಮಾಡಿಸಿ ಮೂರಕ್ಕೆ ವಾಪಸ್ ಬಂದೆವು. ಫೋಟೋದಲ್ಲಿ ಕಣ್ಣು ಮುಚ್ಚಿದೆ ಎಂದು ಎರಡು ಸಲ ತಿರಸ್ಕಾರವಾಗಿ ಮೂರನೆಯದಕ್ಕೆ ಹಸಿರು ಬಂತು. ಸಿಮ್ಮಿಗೆ 100 ರೂಪಾಯಿ. ಕಳೆದುಹೋದದ್ದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕಾಗಬಹುದು ಎಂದು ಯಾರೋ ಹೇಳಿದ್ದರು. ನಮಗೆ ಕೇಳಲಿಲ್ಲ. ಫೋನ್ ಕಳೆದ ದಿನವೇ ದೂರು ಕೊಟ್ಟು ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸುವುದು ಒಳ್ಳೆಯದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನೂ ಅಲ್ಲೇ ನೋಡಬಹುದು. ಅಪ್ಪನ ಬ್ಯಾಂಕ್ ಖಾತೆಗೂ ಅದೇ ನಂಬರ್ ಇತ್ತು. ಎರಡು ತಿಂಗಳು ಅದು ಎಲ್ಲೋ ಬಿದ್ದಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಸಂಜೆ ಆರಕ್ಕೆ ಸಿಮ್ ಜೀವ ಪಡೆಯಿತು. ನನ್ನ ಫೋನಿಗೆ ಹಾಕಿಕೊಂಡೆ. ಅಣ್ಣನಿಗೆ ಕರೆ ಹೋಯಿತು. ಅಪ್ಪ, ನಾನು, ಮಗ ಮೂವರೂ ಮೇಜಿನ ಸುತ್ತ ಕೂತೆವು. ಕೊನೆಯ ನಾಲ್ಕು ಅಂಕಿ ಹಾಕಿ ಕೋಡ್ ಕಳಿಸಿ ಎಂದು ಒತ್ತಿದೆ. ಬರಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಒತ್ತಿದೆ. ಬರಲಿಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿ ಮತ್ತೆ. ಹೀಗೆ ಐದಾರು ಸಲ. ಕೊನೆಗೆ, ಇವತ್ತು ನೀವು ಬಹಳ ಕೋಡ್ ಕೇಳಿದ್ದೀರಿ, ನಾಳೆ ನೋಡಿ ಎಂದು ಬಂತು.

ಯಾಕೆ ಬರಲಿಲ್ಲ ಎಂದು ಮರುದಿನ ಮಳಿಗೆಗೆ ಹೋಗಿ ಕೇಳಿದಾಗ ಗೊತ್ತಾಯಿತು. ಹೊಸ ಸಿಮ್ ಹಾಕಿದ ಮೇಲೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಳ್ಳರು ನಕಲಿ ಸಿಮ್ ತಗೊಂಡು ಒಟಿಪಿ ಕದಿಯಬಾರದು ಅಂತ ದೂರಸಂಪರ್ಕ ಇಲಾಖೆ 2022ರಲ್ಲಿ ಮಾಡಿದ ನಿಯಮ. ಒಳ್ಳೆಯ ನಿಯಮವೇ. ಆದರೆ ಸಿಮ್ ಕೊಡುವಾಗ ಒಂದು ಮಾತು ಹೇಳಿದ್ದರೆ ನಾನು ಸುಮ್ಮನೆ ಕೋಡ್‌ಗಳನ್ನು ಹಾಳು ಮಾಡುತ್ತಿರಲಿಲ್ಲ. ನೀವು ಸಿಮ್ ಬದಲಿಸಿದರೆ ಒಂದು ಪೂರ್ತಿ ದಿನ ಕೈಕಟ್ಟಿ ಕೂತಿರಿ. ಏನೂ ಒತ್ತಬೇಡಿ.

ಶನಿವಾರ ಸಂಜೆ 24 ಗಂಟೆ ಮುಗಿಯಿತು. ಬ್ಯಾಂಕಿನ ಮೆಸೇಜುಗಳು ಬರತೊಡಗಿದವು. ಆದರೆ ಕೋಡಿನ ಮಿತಿ ಇನ್ನೂ ತೆರೆದಿರಲಿಲ್ಲ. ಆ ರಾತ್ರಿ ಬಹಳ ಉದ್ದ ಅನ್ನಿಸಿತು. ಅಪ್ಪ ಊರಲ್ಲಿ ಕಡಲೆ ರಾಶಿ ಬಿಟ್ಟು ಬಂದಿದ್ದರು. ಆದರೂ "ಆಗೋ ತನಕ ಇರತೀನಿ ಬಿಡು" ಅಂದರು. ಅವ್ವನ ಹಾಡು ಅದರಲ್ಲಿದೆ ಎಂದು ನಾನು ಅವರಿಗೆ ಹೇಳಿರಲಿಲ್ಲ. ಸಿಗದಿದ್ದರೆ ಎಂಬ ಅಂಜಿಕೆ. ಮಗ ಹೇಳಿಬಿಟ್ಟಿದ್ದ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದೇ ಸಲ ಒತ್ತಿದೆ. ಹತ್ತು ಸೆಕೆಂಡಿನಲ್ಲಿ ಕೋಡ್ ಬಂತು. ಹೊಸ ಪಾಸ್‌ವರ್ಡ್ ಇಟ್ಟೆ. ರಿಕವರಿ ಕೀ ಇರುವ ಪುಟ ತೆರೆಯಲು ಮತ್ತೊಂದು ಕೋಡ್ ಕೇಳಿತು. ಅದೂ ಬಂತು. ಆ ಪುಟದ ವಿಳಾಸ: aka.ms/myrecoverykey. ಯಾವ ಫೋನಿನಲ್ಲಾದರೂ ತೆರೆಯಬಹುದು. ನಮ್ಮದರಲ್ಲಿ ಎರಡು ಕೀಗಳಿದ್ದವು. ಗಾಬರಿ ಬೇಡ. ನೀಲಿ ಪರದೆಯ ಮೇಲಿನ ಐಡಿಯ ಮೊದಲ ಎಂಟು ಅಕ್ಷರ ಯಾವುದಕ್ಕೆ ಹೊಂದುತ್ತದೋ ಅದೇ ನಿಮ್ಮದು.

ಕೀಯನ್ನು ಮೊದಲು ಕಾಗದಕ್ಕೆ ಬರೆದುಕೊಂಡೆ. ಆರು ಆರು ಅಂಕಿಯ ಎಂಟು ಗುಂಪು. ಹಾಕಿದೆ, ತಪ್ಪು ಅಂದಿತು. ಎದೆ ನಿಂತಂತಾಯಿತು. ಆಗ ಅಣ್ಣನ ಮಗ ಫೋನಿನಲ್ಲಿ ಒಂದು ವಿಷಯ ಹೇಳಿದ. ಈ ಎಂಟು ಗುಂಪುಗಳಲ್ಲಿ ಪ್ರತಿಯೊಂದೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಬರೆಯುವಾಗ ಆದ ತಪ್ಪು ಸಿಗಲಿ ಅಂತಲೇ ಹೀಗೆ ಮಾಡಿದ್ದಾರೆ. ನಾನು ಮಕ್ಕಳಿಗೆ ಪ್ರತಿ ವರ್ಷ ಕಲಿಸುವ ಲೆಕ್ಕ ಇದು. ಒಂದು ಬಿಟ್ಟು ಒಂದು ಅಂಕಿ ಕೂಡಿಸು, ಉಳಿದವನ್ನೂ ಕೂಡಿಸು, ವ್ಯತ್ಯಾಸ 0, 11 ಅಥವಾ 22 ಬಂದರೆ ಸರಿ. ಉದಾಹರಣೆಗೆ 482713 ಇದ್ದರೆ 4, 2, 1 ಕೂಡಿದರೆ 7. 8, 7, 3 ಕೂಡಿದರೆ 18. ವ್ಯತ್ಯಾಸ 11. ಸರಿ ಇದೆ. ಹೀಗೆ ನೋಡುತ್ತಾ ಹೋದರೆ ನನ್ನ ಐದನೆಯ ಗುಂಪು ತಪ್ಪಿತ್ತು. ಅವಸರದಲ್ಲಿ 1 ಇದ್ದದ್ದನ್ನು 7 ಎಂದು ಬರೆದಿದ್ದೆ. ತಿದ್ದಿ ಹಾಕಿದೆ. ನೀಲಿ ಪರದೆ ಹೋಯಿತು.

ಅಲ್ಲಿಗೂ ಮುಗಿಯಲಿಲ್ಲ. ಏನೋ ಆಗಿದೆ, ನಿಮ್ಮ ಪಿನ್ ಸಿಗುತ್ತಿಲ್ಲ, ಹೊಸದಾಗಿ ಇಟ್ಟುಕೊಳ್ಳಿ ಎಂದು ಬಂತು. ಅದಕ್ಕೆ ಇಂಟರ್‌ನೆಟ್ ಬೇಕು. ಯಾಕಂದರೆ ಹೊಸ ಪಾಸ್‌ವರ್ಡ್ ಲ್ಯಾಪ್‌ಟಾಪಿಗೆ ಇನ್ನೂ ಗೊತ್ತಿರುವುದಿಲ್ಲ. ಆ ಪರದೆಯ ಕೆಳಗೆ ಬಲಮೂಲೆಯಲ್ಲಿ ವೈಫೈ ಗುರುತಿದೆ. ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಅದಕ್ಕೆ ಜೋಡಿಸಿದೆ. ಅದೇ ಮೂಲೆಯಲ್ಲಿ ಭಾಷೆಯ ಗುರುತೂ ಇರುತ್ತದೆ. ಕನ್ನಡ ಕೀಲಿಮಣೆ ಹಾಕಿಕೊಂಡವರು ಅದು ಇಂಗ್ಲಿಷಿಗೆ ಇದೆಯಾ ನೋಡಿ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಒಮ್ಮೆ ಸರಿಯಾದ ಪಾಸ್‌ವರ್ಡನ್ನೇ ಅರ್ಧ ದಿನ ತಪ್ಪು ತಪ್ಪು ಅನ್ನುತ್ತಿತ್ತು. ಕಾರಣ ಇಷ್ಟೇ ಆಗಿತ್ತು. ಮೂರನೆಯ ಕೋಡ್ ಕೇಳಿತು, ಹೊಸ ಪಿನ್ ಇಟ್ಟೆ. ಸಂಜೆ ಐದಕ್ಕೆ ನಮ್ಮ ಡೆಸ್ಕ್‌ಟಾಪ್ ಕಂಡಿತು. ಎಲ್ಲ ಫೈಲೂ ಇದ್ದಲ್ಲೇ ಇದ್ದವು.

ಎಲ್ಲರ ಮನೆಯಲ್ಲೂ ನಮ್ಮಂಥದ್ದೇ ಖಾತೆ ಇರುವುದಿಲ್ಲ. ಇ-ಮೇಲ್ ಇಲ್ಲದೆ ಬರೀ ಹೆಸರಿನ ಖಾತೆ ಇದ್ದರೆ, ಅದಕ್ಕೆ ಲೋಕಲ್ ಖಾತೆ ಎನ್ನುತ್ತಾರೆ, ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ. ಕೆಳಗೆ ರೀಸೆಟ್ ಎಂದು ಬಂದರೆ ಖಾತೆ ಮಾಡುವಾಗ ಕೊಟ್ಟ ಮೂರು ಪ್ರಶ್ನೆಗಳನ್ನು ಕೇಳುತ್ತದೆ. ಅದೇ ಕಂಪ್ಯೂಟರಿನಲ್ಲಿ ಅಡ್ಮಿನ್ ಅಧಿಕಾರದ ಬೇರೊಂದು ಖಾತೆ ಇದ್ದರೆ ಅದರಿಂದಲೂ ಬದಲಿಸಬಹುದು. ಆದರೆ ಹಾಗೆ ಬಲವಂತವಾಗಿ ಬದಲಿಸಿದರೆ ಆ ಖಾತೆಯ ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಓದಲಾಗದೆ ಹೋಗಬಹುದು.

ಖರ್ಚಿನ ಲೆಕ್ಕ: ಚಾರ್ಜಿಂಗ್ ಪಿನ್ ಬಿಟ್ಟರೆ ಸಿಮ್ಮಿಗೆ 100, ಅಪ್ಪನ ಟಿಕೆಟ್, ಊಟ, ಆಟೋ ಸೇರಿ ಸುಮಾರು 600. ಒಂದು ಸಿಎಲ್. ಆಮೇಲೆ ಒಂದು ಹೊರಗಿನ ಹಾರ್ಡ್‌ಡಿಸ್ಕ್ ತಗೊಂಡೆ, ಅದು 4,600.

ಭಾನುವಾರ ರಾತ್ರಿಯೇ ಮಾಡಿದ ಕೆಲಸಗಳನ್ನೂ ಹೇಳುತ್ತೇನೆ. ಖಾತೆಗೆ ನನ್ನ ನಂಬರ್, ಇನ್ನೊಂದು ಇ-ಮೇಲ್ ಸೇರಿಸಿದೆ. ಅಪ್ಪನದನ್ನು ತೆಗೆಯಲಿಲ್ಲ. ಹಳೆಯ ನಂಬರ್ ಕೈಯಲ್ಲಿರುವಾಗಲೇ ಇದನ್ನು ಮಾಡಿ. ಹಳೆಯದು ಇಲ್ಲದೆ ಎಲ್ಲವನ್ನೂ ಬದಲಿಸಲು ಹೋದರೆ 30 ದಿನ ಕಾಯಬೇಕಾಗುತ್ತದೆ. ಪಾಸ್‌ವರ್ಡನ್ನು ಉದ್ದವಾಗಿ ಇಟ್ಟೆ. ನಮ್ಮ ಮನೆಮಾತಿನ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ, ಇಂಗ್ಲಿಷ್ ಅಕ್ಷರದಲ್ಲಿ. ಚಿಹ್ನೆ, ಅಂಕಿ ತುರುಕಿದ ಗಿಡ್ಡ ಪಾಸ್‌ವರ್ಡಿಗಿಂತ ಇದು ನೆನಪಲ್ಲೂ ಉಳಿಯುತ್ತದೆ, ಗಟ್ಟಿಯೂ ಹೌದು. ಬರೆದಿಡಬಾರದು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲ್ಯಾಪ್‌ಟಾಪಿಗೆ ಚೀಟಿ ಅಂಟಿಸುವುದು ತಪ್ಪು. ತಿಜೋರಿಯೊಳಗಿನ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ತಪ್ಪಲ್ಲ. 48 ಅಂಕಿಯ ಕೀಯನ್ನು ಎರಡು ಕಾಗದದಲ್ಲಿ ಬರೆದೆ. ಒಂದು ತಿಜೋರಿಯಲ್ಲಿ, ಇನ್ನೊಂದು ತವರಿನಲ್ಲಿ ಅಪ್ಪನ ಟ್ರಂಕಿನಲ್ಲಿ.

ಹಾಡುಗಳ ಪ್ರತಿ ಹಾರ್ಡ್‌ಡಿಸ್ಕಿನಲ್ಲಿದೆ, ಅಣ್ಣನ ಪೆನ್‌ಡ್ರೈವಿನಲ್ಲೂ ಇದೆ. 43ರಲ್ಲಿ 26ಕ್ಕೆ ನಾನೇ ಹೆಸರಿಟ್ಟಿದ್ದೆ. ಉಳಿದವು ಫೋನ್ ಕೊಟ್ಟ ಬರೀ ನಂಬರುಗಳು. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಅಪ್ಪ ಚಹಾ ಕುಡಿಯುತ್ತಾ ಅವನ್ನು ಕೇಳುತ್ತಾ ಕೂತರು. "ಇದು ನಿಮ್ಮಜ್ಜಿ ಕಲಿಸಿದ್ದು", "ಇದನ್ನ ಕಳೆ ತಗ್ಯಾಗ ಅಂತಿದ್ಲು" ಎಂದು ಒಂದೊಂದಕ್ಕೆ ಹೇಳುತ್ತಾ ಹೋದರು. ನಾನು ಹೆಸರು ಬರೆದುಕೊಂಡೆ. ಐದು ಆಗುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಇನ್ನೂ 12 ಉಳಿದಿವೆ. ಯುಗಾದಿಗೆ ನಾವೇ ಊರಿಗೆ ಹೋಗುತ್ತೇವೆ, ಲ್ಯಾಪ್‌ಟಾಪ್ ತಗೊಂಡು.